ಬೀಗರಿಗೆ ಲಾಂಛನದ ಧ್ವಜ

ಪ್ರಶ್ನೆ: ಮಗಳು ಎಡಿನ್‌ಬರೋದಲ್ಲಿ ನೆಲೆಸಿದ್ದಾಳೆ. ಅಲ್ಲಿನವರೇ ಆದ ನಮ್ಮ ಬೀಗರಿಗೆ ವಿಧಿವತ್ತಾಗಿ ಲಾಂಛನ (ಗುರಾಣಿಯ ಮೇಲೆ ಬರೆಯುವ ಗುರುತುಚಿತ್ರ) ದೊರೆತಿದೆ: ನೀಲಿ ನೆಲದ ಮೇಲೆ ಹಿಂಗಾಲಲ್ಲಿ ನಿಂತ ಚಿನ್ನದ ಸಿಂಹ. ಅದನ್ನು ಗುರಾಣಿಯಾಕಾರದಲ್ಲಿ ನಡುವೆ ಕೂರಿಸಿ, ಕೆಳಗೆ ಮನೆತನದ ಹೆಸರು ಬರೆದು ಧ್ವಜ ಹೊಲಿಯಬಹುದೇ? ನನಗೆ ಕಸೂತಿ ಬರುತ್ತದೆ. – ಓದುಗರೊಬ್ಬರು, ಧಾರವಾಡ

ಉತ್ತರ: ಹೆಸರು ಖಂಡಿತ ಬೇಡ, ಗುರಾಣಿಯ ಗೆರೆಯೂ ಬೇಡ. ಲಾಂಛನಧ್ವಜದಲ್ಲಿ ಬಟ್ಟೆಯೇ ಗುರಾಣಿ. ಆದ್ದರಿಂದ ಇಡೀ ಬಟ್ಟೆ ನೀಲಿಯಾಗಿ, ಸಿಂಹದ ಪಂಜ ಮತ್ತು ಬಾಲಗಳು ಮೂಲೆಗಳತ್ತ ಚಾಚಿಕೊಂಡು ಅದನ್ನು ತುಂಬಬೇಕು. ಚಿನ್ನವೆಂದರೆ ಹಳದಿ ಬಟ್ಟೆ ಸಾಕು, ಜರಿ ಬೇಕಿಲ್ಲ. ಲೋಹವೆನಿಸಿದ ಚಿನ್ನ, ಬೆಳ್ಳಿಗಳನ್ನು ಕೆಂಪು, ನೀಲಿ, ಕಪ್ಪು, ಹಸಿರಿನಂಥ ಬಣ್ಣಗಳ ಮೇಲಿಡುವ ಹಳೆಯ ನಿಯಮವು ದೂರದಿಂದಲೂ ಗುರುತು ಸಿಗಲೆಂದೇ ಹುಟ್ಟಿದ್ದು. ಸ್ಕಾಟ್ಲೆಂಡಿನಲ್ಲಿ ಲಾಂಛನವು ಮನೆತನದ್ದಲ್ಲ, ಲಾಂಛನಗಳ ಉಸ್ತುವಾರಿ ನೋಡುವ ಲಾರ್ಡ್ ಲಯನ್ ನ್ಯಾಯಾಲಯವು 1672ರ ಕಾನೂನಿನನ್ವಯ ನಿರ್ವಹಿಸುವ ದಾಖಲೆಪುಸ್ತಕದಲ್ಲಿ ಹೆಸರಿರುವ ಒಬ್ಬ ವ್ಯಕ್ತಿಯದು. ಹಾಗಾಗಿ ಈ ಧ್ವಜ ಬೀಗರದೇ ಹೊರತು ಮಗಳು-ಅಳಿಯನ ಮನೆಯ ಮೇಲೆ ಹಾರಿಸುವಂಥದ್ದಲ್ಲ.

ಕಸೂತಿಯ ಗವಂತಿ ಹೊಲಿಗೆಯಲ್ಲಿ ಎರಡೂ ಮಗ್ಗುಲು ಒಂದೇ ಬಗೆಯಾಗಿ ಕಾಣುವುದನ್ನು ನೀವು ಬಲ್ಲಿರಿ. ಧ್ವಜಕ್ಕೂ ಬೇಕಾದ ಗುಣ ಅದೇ. ಆದರೆ ಎಳೆ ಎಣಿಸಿ ಹಾಕುವ ಆ ಗೆರೆಗಳಿಂದ ಇಷ್ಟು ದೊಡ್ಡ ಸಿಂಹದ ಮೈ ತುಂಬಲಾಗದು, ಅದಕ್ಕೆ ಬಟ್ಟೆಯ ಮೇಲೆ ಬಟ್ಟೆ ಹೊಲಿಯುವುದೇ ಸರಿ. ಸುಮಾರು 90 ಸೆಂಟಿಮೀಟರ್ ಚೌಕದ ನೀಲಿ ಬಟ್ಟೆಯ ಮೇಲೆ ಅಷ್ಟೇ ದೊಡ್ಡ ಹಳದಿ ಬಟ್ಟೆಯನ್ನು, ಎರಡರ ಹಾಸು (ಉದ್ದದ ಎಳೆಗಳು) ಒಂದೇ ದಿಕ್ಕಿಗೆ ಬರುವಂತೆ ಹರಡಿ, ಕಚ್ಚಾ ಹೊಲಿಗೆ ಹಾಕಿರಿ. ದಿಕ್ಕು ತಪ್ಪಿದರೆ ಸುಕ್ಕು ಬಿಡುವುದಿಲ್ಲ. ಮುಖ ಕೋಲಿನ ಕಡೆಗಿರುವಂತೆ ಸಿಂಹವನ್ನು ಬರೆದು, ಅದರ ಗೆರೆಯ ಮೇಲೆ ಒತ್ತಾದ ಝಿಗ್‌ಝ್ಯಾಗ್ ಹೊಲಿಗೆಯನ್ನು ಎರಡೂ ಪದರ ಹಿಡಿಯುವಂತೆ ಹಾಕಿರಿ. ಬಳಿಕ ಮುಂಬದಿಯಲ್ಲಿ ಗೆರೆಯ ಹೊರಗಿನ ಹಳದಿಯನ್ನೂ, ತಿರುಗಿಸಿ ಹಿಂಬದಿಯಲ್ಲಿ ಗೆರೆಯೊಳಗಿನ ನೀಲಿಯನ್ನೂ ಕತ್ತರಿಸಿ ತೆಗೆದರೆ ಒಂದೇ ಪದರದ ಸಿಂಹ ಉಳಿಯುತ್ತದೆ. ಎತ್ತಣಿಂದ ನೋಡಿದರೂ ಅದು ಕೋಲಿನತ್ತಲೇ ಮುಖಮಾಡಿರುತ್ತದೆ. ಕತ್ತರಿ ಹೊಲಿಗೆಗೆ ತಾಗಿದರೆ ದುಡಿಮೆಯೆಲ್ಲ ವ್ಯರ್ಥವಾಗುವುದರಿಂದ ಈ ಕೆಲಸವನ್ನು ಹಗಲು ಬೆಳಕಿನಲ್ಲಿ, ಮೊನೆ ಚೂಪಾದ ಸಣ್ಣ ಕತ್ತರಿಯಿಂದ ಮಾಡಿರಿ. ಉಗುರುಗಳನ್ನು ಬೆರಳಗಲಕ್ಕಿಂತ ಸಣ್ಣದಾಗಿ ಬರೆದರೆ ಹೊಲಿಗೆಯೇ ಅವನ್ನು ನುಂಗಿಬಿಡುತ್ತದೆ.

ಮನೆಯೊಳಗೆ ತೂಗುಹಾಕಲು ಒಗೆದು ಇಸ್ತ್ರಿ ಮಾಡಿದ ಹತ್ತಿಬಟ್ಟೆ ಸಾಕು. ಅಲ್ಲಿನ ಮಳೆಗಾಳಿಯಲ್ಲಿ ಹಾರಿಸುವುದಾದರೆ ನೈಲಾನ್ ಬಟ್ಟೆಯೇ ಒಳ್ಳೆಯದು. ಕೋಲಿನ ಬದಿಗೆ ಕ್ಯಾನ್ವಾಸ್ ಪಟ್ಟಿ ಕೊಟ್ಟು, ಮೊದಲು ಹರಿಯುವ ಎದುರಿನ ಅಂಚನ್ನು ಎರಡು ಮಡಿಕೆ ಮಾಡಿ ಮೂರು ಸಾಲು ಹೊಲಿಯಿರಿ.