ರಯಾನ್‌ಏರ್‌ನಲ್ಲಿ 25 ಯೂರೋ ಟಿಕೆಟ್ ತಗೊಳ್ಳೋ ಮುಂಚೆ ಏನೇನು ಗೊತ್ತಿರಬೇಕು?

ನಿಮ್ಮ ಪ್ರಶ್ನೆ ಇದು: ಮೇ ತಿಂಗಳಲ್ಲಿ ಬೆಂಗಳೂರಿನಿಂದ ನೀವಿಬ್ಬರು ಮತ್ತು ಅಪ್ಪ ಅಮ್ಮ, ಒಟ್ಟು ನಾಲ್ಕು ಜನ ಯೂರೋಪಿಗೆ ಬರುತ್ತಿದ್ದೀರಿ. ರೋಮ್‌ನಿಂದ ಪ್ಯಾರಿಸ್‌ಗೆ ರಯಾನ್‌ಏರ್‌ನಲ್ಲಿ ಒಬ್ಬರಿಗೆ 25 ಯೂರೋ ತೋರಿಸುತ್ತಿದೆ. ಇದನ್ನು ನಂಬಬಹುದಾ, ಮೊದಲೇ ಏನು ತಿಳಿದುಕೊಂಡಿರಬೇಕು ಅಂತ ಕೇಳಿದ್ದೀರಿ.

ನಂಬಬಹುದು. ಧೈರ್ಯವಾಗಿ ತಗೊಳ್ಳಿ. ರಯಾನ್‌ಏರ್ ಐರ್ಲೆಂಡಿನ ಅಗ್ಗದ ವಿಮಾನ ಕಂಪನಿ, 1985ರಿಂದ ಹಾರುತ್ತಿದೆ. ಪ್ರಯಾಣಿಕರ ಲೆಕ್ಕದಲ್ಲಿ ಇವತ್ತು ಯೂರೋಪಿನಲ್ಲೇ ದೊಡ್ಡದು. ನಾನು ಜರ್ಮನಿಯಲ್ಲಿ ಇದ್ದೇನೆ. ಇಲ್ಲಿ ವಿದ್ಯಾರ್ಥಿಗಳು, ಕೂಲಿ ಕೆಲಸದವರು, ಮಕ್ಕಳೊಂದಿಗೆ ಅಜ್ಜಿ ಮನೆಗೆ ಹೋಗುವವರು ಎಲ್ಲರೂ ಇಂಥ ವಿಮಾನದಲ್ಲೇ ಓಡಾಡುತ್ತಾರೆ. ಒಂದೇ ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ಇವರ ಹತ್ತಿರ ಯಾವ ಕೆಲಸವನ್ನಾದರೂ ಮೊದಲೇ ಮನೆಯಲ್ಲಿ ಕೂತು ಮಾಡಿದರೆ ಅಗ್ಗ. ಅದೇ ಕೆಲಸವನ್ನು ಏರ್‌ಪೋರ್ಟ್‌ಗೆ ಹೋಗಿ ಮಾಡಿದರೆ ಟಿಕೆಟ್‌ಗಿಂತ ಜಾಸ್ತಿ ದುಡ್ಡು ಬೀಳುತ್ತದೆ.

25 ಯೂರೋ ಅಂದರೆ ಒಂದು ಸೀಟು ಮತ್ತು ಒಂದು ಪುಟ್ಟ ಬ್ಯಾಗು, ಅಷ್ಟೇ. ಸೀಟು ಹಿಂದಕ್ಕೆ ಬಾಗುವುದಿಲ್ಲ, ಮುಂದಿನ ಸೀಟಿಗೆ ಪಾಕೆಟ್ ಇರುವುದಿಲ್ಲ, ಸೇಫ್ಟಿ ಕಾರ್ಡನ್ನು ಸೀಟಿನ ಬೆನ್ನಿಗೇ ಅಂಟಿಸಿರುತ್ತಾರೆ. ವಿಮಾನ ಇಳಿದ ಮೇಲೆ ಸುಮಾರು 25 ನಿಮಿಷದಲ್ಲಿ ಮತ್ತೆ ಹೊರಡಬೇಕು, ಗುಡಿಸಿ ಒರೆಸುವ ಕೆಲಸ ಕಡಿಮೆ ಇರಲಿ ಅನ್ನುವುದು ಲೆಕ್ಕ. ಕಂಪನಿಯ ಆದಾಯದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಬರುವುದು ಬ್ಯಾಗು, ಸೀಟು, ತಿಂಡಿ ಇಂಥವನ್ನು ಟಿಕೆಟ್ ಮೇಲೆ ಬೇರೆಯಾಗಿ ಮಾರುವುದರಿಂದ. ಆದ್ದರಿಂದಲೇ ಬ್ಯಾಗಿನ ವಿಷಯದಲ್ಲಿ ಅಷ್ಟು ಬಿಗಿ. ವಿಜ್ ಏರ್, ಈಜಿಜೆಟ್ ಅನ್ನುವ ಇಂಥದ್ದೇ ಅಗ್ಗದ ಕಂಪನಿಗಳ ಕಥೆಯೂ ಹೆಚ್ಚು ಕಡಿಮೆ ಇದೇ, ಅಳತೆಗಳು ಮಾತ್ರ ಬೇರೆ.

ಬ್ಯಾಗಿನಿಂದಲೇ ಶುರು ಮಾಡೋಣ. ನಮ್ಮಲ್ಲಿ ಇಂಡಿಗೊ ಹತ್ತಿ ಅಭ್ಯಾಸ ಆಗಿರುತ್ತದೆ. 15 ಕಿಲೋ ಚೆಕ್ ಇನ್, ಕೈಯಲ್ಲಿ 7 ಕಿಲೋ, ಎಲ್ಲ ಟಿಕೆಟ್‌ನಲ್ಲೇ ಸೇರಿರುತ್ತದೆ. ಇಲ್ಲಿ ಹಾಗಲ್ಲ. ರಯಾನ್‌ಏರ್‌ನಲ್ಲಿ ಪುಕ್ಕಟೆ ಸಿಗುವುದು 40 x 30 x 20 ಸೆಂಟಿಮೀಟರ್ ಅಳತೆಯ ಒಂದು ಬ್ಯಾಗು. ಲ್ಯಾಪ್‌ಟಾಪ್ ಬ್ಯಾಗು ಅಥವಾ ಮಕ್ಕಳ ಸ್ಕೂಲ್ ಬ್ಯಾಗಿನಷ್ಟು. ಅದು ಮುಂದಿನ ಸೀಟಿನ ಕೆಳಗೆ ಹೋಗಬೇಕು. ಗಾಲಿ ಇರುವ ಕ್ಯಾಬಿನ್ ಟ್ರಾಲಿ ಬೇಕು ಅಂದರೆ 'ಪ್ರಯಾರಿಟಿ' ಅಂತ ಬೇರೆ ದುಡ್ಡು ಕೊಟ್ಟು ತಗೊಳ್ಳಬೇಕು. ಆಗ 55 x 40 x 20 ಅಳತೆಯ, 10 ಕಿಲೋ ತೂಕದ ಟ್ರಾಲಿಯನ್ನೂ ಒಯ್ಯಬಹುದು. ಈಜಿಜೆಟ್ ಸ್ವಲ್ಪ ಉದಾರಿ, ಅಲ್ಲಿ ಪುಕ್ಕಟೆ ಬ್ಯಾಗು 45 x 36 x 20.

ಗೇಟ್ ಹತ್ತಿರ ಲೋಹದ ಒಂದು ಚೌಕಟ್ಟು ಇರುತ್ತದೆ. ಅನುಮಾನ ಬಂದರೆ ಬ್ಯಾಗನ್ನು ಅದರಲ್ಲಿ ಇಳಿಸಿ ತೋರಿಸು ಅನ್ನುತ್ತಾರೆ. ನಾನು ಕ್ಯೂನಲ್ಲಿ ನಿಂತಿದ್ದಾಗ ನೋಡಿದ್ದು: ಒಬ್ಬ ಹುಡುಗ ಬ್ಯಾಗಿನಿಂದ ಸ್ವೆಟರ್ ತೆಗೆದು ಹಾಕಿಕೊಂಡ, ಅದರ ಮೇಲೆ ಜಾಕೆಟ್ ಹಾಕಿಕೊಂಡ, ಚಾರ್ಜರು ಪುಸ್ತಕ ಎಲ್ಲ ಜೇಬಿಗೆ ತುಂಬಿದ. ಆಮೇಲೆ ಬ್ಯಾಗು ಚೌಕಟ್ಟಿನೊಳಗೆ ಸಲೀಸಾಗಿ ಇಳಿಯಿತು. ಅವನ ಹಿಂದೆ ಇದ್ದವರದ್ದು ಗಟ್ಟಿ ಪ್ಲಾಸ್ಟಿಕ್ ಟ್ರಾಲಿ, ಗಾಲಿ ಚೌಕಟ್ಟಿಗೆ ಸಿಕ್ಕಿಹಾಕಿಕೊಂಡಿತು, ಎಷ್ಟು ಒತ್ತಿದರೂ ಕೆಳಗೆ ಹೋಗಲಿಲ್ಲ. ಅಲ್ಲೇ ಕಾರ್ಡ್ ಉಜ್ಜಬೇಕಾಯಿತು. ಗೇಟ್‌ನಲ್ಲಿ ಈ ದಂಡ ಸುಲಭವಾಗಿ 70 ಯೂರೋ ಮುಟ್ಟುತ್ತದೆ. ಅದಕ್ಕೆ ನನ್ನ ಸಲಹೆ, ಮೆತ್ತಗಿನ ಬಟ್ಟೆ ಬ್ಯಾಗು ತನ್ನಿ. ಮನೆಯಲ್ಲೇ ಟೇಪ್ ಹಿಡಿದು ಅಳೆಯಿರಿ, ಗಾಲಿ ಹಿಡಿ ಎಲ್ಲ ಸೇರಿಸಿ ಅಳೆಯಿರಿ.

ಬೆಂಗಳೂರಿನಿಂದ ತರುವ 23 ಕಿಲೋ ಸೂಟ್‌ಕೇಸ್‌ಗಳ ಬಗ್ಗೆ ಈಗಲೇ ಯೋಚಿಸಿ. ಇಲ್ಲಿ ಚೆಕ್ ಇನ್ ಬ್ಯಾಗನ್ನು 10 ಕಿಲೋ, 20 ಕಿಲೋ ಹೀಗೆ ಮಾರುತ್ತಾರೆ. ತೂಕ ಮೀರಿದರೆ ಕಿಲೋಗೆ ಇಷ್ಟು ಅಂತ ಕೊಡಬೇಕು. ಟಿಕೆಟ್ ಜೊತೆಗೇ ಬ್ಯಾಗನ್ನೂ ತಗೊಂಡುಬಿಡಿ, ಆಮೇಲೆ ಸೇರಿಸಿದರೆ ಬೆಲೆ ಏರುತ್ತದೆ. ನಾಲ್ಕು ಜನಕ್ಕೆ ಎರಡು 20 ಕಿಲೋ ಬ್ಯಾಗು ಸಾಕು ಅಂತ ನನ್ನ ಅನಿಸಿಕೆ. ಉಪ್ಪಿನಕಾಯಿ, ತುಪ್ಪ, ಗೊಜ್ಜು ಇದ್ದರೆ ಆ ಬ್ಯಾಗಿಗೇ ಹಾಕಿ. ಸೆಕ್ಯೂರಿಟಿಯವರ ಕಣ್ಣಿಗೆ ಇವೆಲ್ಲ ದ್ರವ ಪದಾರ್ಥ, ಕೈಚೀಲದಲ್ಲಿ 100 ಮಿಲಿಗಿಂತ ದೊಡ್ಡ ಡಬ್ಬಿ ಇದ್ದರೆ ತೆಗೆದು ಬಿಸಾಕುವ ಸಂಭವವೇ ಜಾಸ್ತಿ. ಚಟ್ನಿಪುಡಿಗೆ ತೊಂದರೆ ಇಲ್ಲ.

ಇನ್ನು ಚೆಕ್ ಇನ್. ಇದನ್ನು ಆನ್‌ಲೈನ್‌ನಲ್ಲೇ ಮಾಡಬೇಕು. ಸೀಟು ದುಡ್ಡು ಕೊಟ್ಟು ತಗೊಂಡಿದ್ದರೆ 60 ದಿನ ಮುಂಚೆಯೇ ಮಾಡಬಹುದು. ಇಲ್ಲದಿದ್ದರೆ ಹೊರಡುವ 24 ಗಂಟೆ ಮುಂಚೆ ಶುರುವಾಗಿ 2 ಗಂಟೆ ಮುಂಚೆ ಮುಚ್ಚಿಹೋಗುತ್ತದೆ. ನೀವು ಆ ಹೊತ್ತಿಗೆ ರೋಮ್ ಸುತ್ತುತ್ತಾ ಇರುತ್ತೀರಿ, ಆದ್ದರಿಂದ ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಮರೆತು ಕೌಂಟರ್‌ಗೆ ಹೋದರೆ ಒಬ್ಬೊಬ್ಬರಿಗೂ 55 ಯೂರೋ. ನಾಲ್ಕು ಜನಕ್ಕೆ 220 ಆಯಿತು! 2025ರ ನವೆಂಬರ್‌ನಿಂದ ರಯಾನ್‌ಏರ್ ಕಾಗದದ ಬೋರ್ಡಿಂಗ್ ಪಾಸ್ ನಿಲ್ಲಿಸಿದೆ, ಈಗ ಆಪ್‌ನಲ್ಲೇ ತೋರಿಸಬೇಕು. ಹೋಟೆಲ್ ವೈಫೈನಲ್ಲೇ ಆಪ್ ತೆರೆದು ನಾಲ್ಕೂ ಪಾಸ್ ಬಂದಿವೆಯಾ ನೋಡಿಕೊಂಡು ಹೊರಡಿ. ಫೋನ್ ಚಾರ್ಜ್ ಇರಲಿ, ಪವರ್‌ಬ್ಯಾಂಕ್ ಕೈಚೀಲದಲ್ಲಿರಲಿ. ಚೆಕ್ ಇನ್ ಮುಗಿಸಿದ ಮೇಲೆ ಫೋನ್ ಕೈಕೊಟ್ಟರೆ ಗಾಬರಿ ಬೇಡ, ಏರ್‌ಪೋರ್ಟ್‌ನಲ್ಲಿ ಪುಕ್ಕಟೆಯಾಗಿ ಪಾಸ್ ಕೊಡುತ್ತಾರೆ.

ಈಗ ಹೇಳುವುದನ್ನು ದಯವಿಟ್ಟು ಗಮನವಿಟ್ಟು ಓದಿ, ನಮ್ಮ ಪಾಸ್‌ಪೋರ್ಟ್ ಇರುವವರಿಗೆ ಇದೇ ಮುಖ್ಯ. ಯೂರೋಪಿನವರು ಬರೆದ ಸಲಹೆಗಳಲ್ಲಿ ಇದು ಸಾಮಾನ್ಯವಾಗಿ ಇರುವುದೇ ಇಲ್ಲ, ಯಾಕೆಂದರೆ ಅವರಿಗೆ ಇದರ ಅಗತ್ಯ ಬೀಳುವುದಿಲ್ಲ. ಯೂರೋಪಿಯನ್ ಯೂನಿಯನ್ನಿನ ಪೌರರಲ್ಲದವರು ಸೆಕ್ಯೂರಿಟಿಗೆ ಹೋಗುವ ಮುಂಚೆ ರಯಾನ್‌ಏರ್ ಕೌಂಟರ್‌ಗೆ ಹೋಗಿ ಪಾಸ್‌ಪೋರ್ಟ್, ವೀಸಾ ತೋರಿಸಬೇಕು. 'ವೀಸಾ ಚೆಕ್' ಅಥವಾ 'ಡಾಕ್ಯುಮೆಂಟ್ ಚೆಕ್' ಅಂತ ಕರೆಯುತ್ತಾರೆ. ಚೆಕ್ ಇನ್ ಬ್ಯಾಗು ಇಲ್ಲದಿದ್ದರೂ ಹೋಗಬೇಕು. ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ದೇಶಗಳ ಗುಂಪು) ಒಳಗೇ ಓಡಾಡುತ್ತಿದ್ದೇವೆ, ಗಡಿ ತಪಾಸಣೆ ಇಲ್ಲ, ಮತ್ಯಾಕೆ ಅಂತ ಬಿಟ್ಟುಬಿಡಬೇಡಿ. ಇದಾಗದೆ ಗೇಟ್‌ಗೆ ಹೋದರೆ ವಾಪಸ್ ಕಳಿಸಬಹುದು. ಅಷ್ಟರಲ್ಲಿ ಸಮಯ ಮುಗಿದಿರುತ್ತದೆ, ಟಿಕೆಟ್ ದುಡ್ಡೂ ಹೋಗುತ್ತದೆ.

ಕೌಂಟರ್‌ನಲ್ಲಿ ಎರಡು ನಿಮಿಷದ ಕೆಲಸ. ಆದರೆ ಬ್ಯಾಗ್ ಹಾಕುವವರ ಜೊತೆಗೇ ಕ್ಯೂನಲ್ಲಿ ನಿಲ್ಲಬೇಕಾಗಬಹುದು. ಬ್ಯಾಗ್ ಡ್ರಾಪ್, ಅಂದರೆ ಚೆಕ್ ಇನ್ ಬ್ಯಾಗು ಒಪ್ಪಿಸುವ ಕೌಂಟರ್, ವಿಮಾನ ಹೊರಡುವ 40 ನಿಮಿಷ ಮುಂಚೆ ಮುಚ್ಚುತ್ತದೆ, ಗೇಟ್ 20 ನಿಮಿಷ ಮುಂಚೆ ಮುಚ್ಚುತ್ತದೆ. ನಾಲ್ಕೂ ಜನ ಜೊತೆಯಲ್ಲೇ ಹೋಗಿ, ವೀಸಾ ಅಂಟಿಸಿದ ಪುಟ ತೆರೆದು ಕೈಯಲ್ಲಿ ಹಿಡಿದಿರಿ. ಎರಡೂವರೆ ಗಂಟೆ ಮುಂಚೆ ಏರ್‌ಪೋರ್ಟ್‌ನಲ್ಲಿದ್ದರೆ ನಿರಾಳ.

ಅಂದಹಾಗೆ, ಪ್ಯಾರಿಸ್‌ನಿಂದ ಲಂಡನ್ ಅಥವಾ ಡಬ್ಲಿನ್ ಅಗ್ಗ ಅಂತ ಆಸೆ ಬಿದ್ದರೆ ನಿಲ್ಲಿ. ಬ್ರಿಟನ್, ಐರ್ಲೆಂಡ್ ಎರಡೂ ಷೆಂಗೆನ್ ಹೊರಗೆ. ಅವಕ್ಕೆ ಬೇರೆ ವೀಸಾ ಬೇಕು. ನಿಮ್ಮ ಷೆಂಗೆನ್ ವೀಸಾ ಸಿಂಗಲ್ ಎಂಟ್ರಿ ಆಗಿದ್ದರೆ ಒಂದು ಸಲ ಹೊರಗೆ ಹೋದ ಮೇಲೆ ಮತ್ತೆ ಒಳಗೆ ಬರಲು ಬಿಡುವುದಿಲ್ಲ.

ಹೆಸರಿನ ವಿಷಯ ಅಪ್ಪ ಅಮ್ಮನಿಗೆ ಬಹಳ ಮುಖ್ಯ. ನಮ್ಮ ಕಡೆ ಹಳೆ ತಲೆಮಾರಿನವರಿಗೆ ಸರ್‌ನೇಮ್ ಅನ್ನುವುದೇ ಇರುವುದಿಲ್ಲ. ಊರಿನ ಹೆಸರು, ತಂದೆ ಹೆಸರು ಇನಿಷಿಯಲ್ ಆಗಿರುತ್ತದೆ. ಕೆಲವರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿಯೇ ಇರುತ್ತದೆ. ಆಧಾರ್ ನೋಡಿ ತುಂಬಬೇಡಿ, ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಹಾಗೇ ತುಂಬಿ. ಸರ್‌ನೇಮ್ ಖಾಲಿ ಇದ್ದರೆ ದುಡ್ಡು ಕಟ್ಟುವ ಮುಂಚೆಯೇ ಕಂಪನಿಯ ಚಾಟ್‌ನಲ್ಲಿ ಕೇಳಿ, ಅವರು ಹೇಳಿದ್ದನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಒಂದೆರಡು ಅಕ್ಷರದ ತಪ್ಪನ್ನು ಪುಕ್ಕಟೆ ಸರಿ ಮಾಡಬಹುದು. ಪೂರ್ತಿ ಹೆಸರು ಬದಲಿಸಬೇಕಾದರೆ ಒಬ್ಬರಿಗೆ 100 ಯೂರೋ ದಾಟುತ್ತದೆ.

ಟಿಕೆಟನ್ನು ಕಂಪನಿಯ ಸ್ವಂತ ವೆಬ್‌ಸೈಟ್ ಅಥವಾ ಆಪ್‌ನಲ್ಲೇ ಮಾಡಿ. ಮಧ್ಯದವರ ಹತ್ತಿರ ಮಾಡಿದರೆ ಇಮೇಲ್, ಕಾರ್ಡ್ ವಿವರ ಅವರದ್ದಾಗಿರುವ ಸಾಧ್ಯತೆ ಇದೆ. ವಿಮಾನ ರದ್ದಾದರೆ ಸುದ್ದಿ ನಿಮಗೆ ಮುಟ್ಟದೇ ಹೋಗಬಹುದು. ದುಡ್ಡು ಕಟ್ಟುವಾಗ ರೂಪಾಯಿ ಲೆಕ್ಕದಲ್ಲಿ ತೋರಿಸಿದರೆ ಅದನ್ನು ಯೂರೋಗೆ ಬದಲಿಸಿ. ಅವರು ಹಾಕುವ ವಿನಿಮಯ ದರಕ್ಕಿಂತ ನಿಮ್ಮ ಬ್ಯಾಂಕಿನದ್ದೇ ಸಾಮಾನ್ಯವಾಗಿ ಮೇಲು. ಮೊದಲೇ ಯೂರೋ ತುಂಬಿಸಿಟ್ಟ ಫೋರೆಕ್ಸ್ ಕಾರ್ಡ್ ಇದ್ದರಂತೂ ಯೂರೋನೇ ಆಯ್ದುಕೊಳ್ಳಿ.

ಆಮೇಲೆ, 'ಪ್ಯಾರಿಸ್' ಅಂದರೆ ಯಾವ ಪ್ಯಾರಿಸ್ ಅಂತ ನೋಡಿ. ರಯಾನ್‌ಏರ್ ಇಳಿಯುವುದು ಬೋವೆಯಲ್ಲಿ. ಅದು ಪ್ಯಾರಿಸ್‌ನಿಂದ ಸುಮಾರು 85 ಕಿಲೋಮೀಟರ್ ದೂರದ ಬೇರೆ ಊರು. ಅಲ್ಲಿಂದ ಬಸ್ ಇದೆ, ಒಂದೂಕಾಲು ಗಂಟೆ ಹಿಡಿಯುತ್ತದೆ, ಒಬ್ಬರಿಗೆ 15 ಯೂರೋ ಮೇಲೇ ಆಗುತ್ತದೆ. ರಾತ್ರಿ ತಡವಾಗಿ ಇಳಿಯುವ ವಿಮಾನವಾದರೆ ಬಸ್ ಸಮಯ ಮೊದಲೇ ನೋಡಿಕೊಳ್ಳಿ, ಅಷ್ಟು ದೂರಕ್ಕೆ ಟ್ಯಾಕ್ಸಿ ಹಿಡಿದರೆ ಉಳಿಸಿದ್ದೆಲ್ಲ ಅಲ್ಲೇ ಹೋಯಿತು. ಬೇರೆ ಎಷ್ಟೋ ಕಡೆಯೂ ಇದೇ ಕಥೆ. ಫ್ರಾಂಕ್‌ಫರ್ಟ್ ಹಾನ್ ಊರಿನಿಂದ ಸುಮಾರು 120 ಕಿಲೋಮೀಟರ್, ಮಿಲಾನ್ ಬೆರ್ಗಾಮೊ 50, ಬ್ರಸೆಲ್ಸ್ ಶಾರ್ಲೆರುವಾ 60ರ ಹತ್ತಿರ.

ಹಾಗಾಗಿ ನಾಲ್ಕು ಜನರ ಟಿಕೆಟ್ 100 ಯೂರೋ, ಬೋವೆ ಬಸ್ಸಿಗೆ 60ಕ್ಕೂ ಜಾಸ್ತಿ, ಎರಡು ಬ್ಯಾಗು, ಅಪ್ಪ ಅಮ್ಮನಿಗೆ ದುಡ್ಡು ಕೊಟ್ಟು ತಗೊಳ್ಳುವ ಎರಡು ಸೀಟು, ಎಲ್ಲ ಒಂದು ಹಾಳೆಯಲ್ಲಿ ಕೂಡಿ. ಅದನ್ನು ಪ್ಯಾರಿಸ್‌ನ ಓರ್ಲಿ ಅಥವಾ ಶಾರ್ಲ್ ದ ಗಾಲ್‌ನಲ್ಲಿ ಇಳಿಯುವ ಬೇರೆ ಏರ್‌ಲೈನ್ ಜೊತೆ ಹೋಲಿಸಿ. ಒಬ್ಬರಿಗೆ ಇಪ್ಪತ್ತು ಮೂವತ್ತು ಯೂರೋ ವ್ಯತ್ಯಾಸ ಅಷ್ಟೇ ಅಂದರೆ, ವಯಸ್ಸಾದವರು ಜೊತೆಗಿದ್ದಾರೆ, ನಾನಾಗಿದ್ದರೆ ಊರಿಗೆ ಹತ್ತಿರದ ಏರ್‌ಪೋರ್ಟನ್ನೇ ಆರಿಸುತ್ತಿದ್ದೆ.

ಅಪ್ಪ ಅಮ್ಮನಿಗೆ ಸೀಟು ಮಾತ್ರ ದುಡ್ಡು ಕೊಟ್ಟು ಜೊತೆಯಲ್ಲೇ ತಗೊಳ್ಳಿ. ಪುಕ್ಕಟೆ ಸೀಟಿನಲ್ಲಿ ನಾಲ್ಕು ಜನ ನಾಲ್ಕು ದಿಕ್ಕು ಆಗುವುದೇ ಹೆಚ್ಚು. ನೀವಿಬ್ಬರು ಬೇರೆ ಬೇರೆ ಕೂತರೆ ಏನೂ ಆಗುವುದಿಲ್ಲ. ವಿಮಾನದವರೆಗೆ ಎಷ್ಟೋ ಸಲ ರನ್‌ವೇ ಪಕ್ಕದ ಬಯಲಿನಲ್ಲಿ ನಡೆದೇ ಹೋಗಿ ಕಡಿದಾದ ಮೆಟ್ಟಿಲು ಹತ್ತಬೇಕು, ಮಳೆ ಬಂದರೂ ಅಷ್ಟೇ. ಮಂಡಿ ನೋವು ಇದ್ದರೆ ಸಂಕೋಚ ಬೇಡ, ವೀಲ್‌ಚೇರ್ ಸಹಾಯ ಕೇಳಿ. ಯೂರೋಪಿಯನ್ ಕಾನೂನಿನ ಪ್ರಕಾರ ಇದು ಪೂರ್ತಿ ಉಚಿತ, 25 ಯೂರೋ ಟಿಕೆಟ್‌ಗೂ ಸಿಗುತ್ತದೆ. ಕನಿಷ್ಠ 48 ಗಂಟೆ ಮುಂಚೆ ತಿಳಿಸಿರಬೇಕು. ಒಳಗೆ ನೀರಿಗೂ ದುಡ್ಡು. ಖಾಲಿ ಬಾಟಲಿ ಒಯ್ದು ಸೆಕ್ಯೂರಿಟಿ ದಾಟಿದ ಮೇಲೆ ತುಂಬಿಸಿಕೊಳ್ಳಿ. ಚಪಾತಿ ಪಲ್ಯ ಕಟ್ಟಿಕೊಂಡು ಹೋದರೆ ಯಾರೂ ಬೇಡ ಅನ್ನುವುದಿಲ್ಲ.

ವಿಮಾನ ತಡವಾದರೆ ನಿಮಗೂ ಹಕ್ಕಿದೆ. ಭಾರತದ ಪಾಸ್‌ಪೋರ್ಟ್ ಅಂತಲೋ ಅಗ್ಗದ ಟಿಕೆಟ್ ಅಂತಲೋ ಅದು ಕಡಿಮೆ ಆಗುವುದಿಲ್ಲ. 2004ರ ಯೂರೋಪಿಯನ್ ನಿಯಮ 261ರ ಪ್ರಕಾರ ಕಂಪನಿಯ ಕಾರಣಕ್ಕೆ 3 ಗಂಟೆ ಅಥವಾ ಜಾಸ್ತಿ ತಡವಾಗಿ ತಲುಪಿದರೆ, 1500 ಕಿಲೋಮೀಟರ್ ಒಳಗಿನ ಪ್ರಯಾಣಕ್ಕೆ ಒಬ್ಬೊಬ್ಬರಿಗೂ 250 ಯೂರೋ ಪರಿಹಾರ. ರೋಮ್–ಪ್ಯಾರಿಸ್ ಇದರಲ್ಲೇ ಬರುತ್ತದೆ. ಹವಾಮಾನ ಕೆಟ್ಟರೆ, ಏರ್ ಟ್ರಾಫಿಕ್ ಕಂಟ್ರೋಲ್‌ನವರು ಮುಷ್ಕರ ಹೂಡಿದರೆ ಈ ದುಡ್ಡು ಇಲ್ಲ. ಫ್ರಾನ್ಸ್‌ನಲ್ಲಿ ಅಂಥ ಮುಷ್ಕರ ಅಪರೂಪವಲ್ಲ. ಆದರೆ ಕಾರಣ ಏನೇ ಇರಲಿ, ಕಾಯುವಾಗ ಊಟ, ರಾತ್ರಿ ಉಳಿಯಬೇಕಾದರೆ ಹೋಟೆಲ್ ಅವರೇ ನೋಡಿಕೊಳ್ಳಬೇಕು. ಕೌಂಟರ್‌ನಲ್ಲಿ ಯಾರೂ ಸಿಗದಿದ್ದರೆ ನೀವೇ ಖರ್ಚು ಮಾಡಿ, ಬಿಲ್ಲು ಜೋಪಾನ ಮಾಡಿ, ಆಮೇಲೆ ಕಂಪನಿಯ ವೆಬ್‌ಸೈಟಿನ ಫಾರಂನಲ್ಲೇ ಕೇಳಿ. ಮಧ್ಯೆ ಬರುವ ಕ್ಲೇಮ್ ಏಜೆನ್ಸಿಗಳು ಸಿಕ್ಕ ದುಡ್ಡಿನಲ್ಲಿ ದೊಡ್ಡ ಪಾಲು ಕಿತ್ತುಕೊಳ್ಳುತ್ತವೆ.

ಕೊನೆಯದಾಗಿ, ಬೆಂಗಳೂರಿಗೆ ವಾಪಸ್ ಹೊರಡುವ ದಿನವೇ ಇಂಥ ವಿಮಾನ ಇಟ್ಟುಕೊಳ್ಳಬೇಡಿ. ಎರಡು ಟಿಕೆಟ್‌ಗೂ ಸಂಬಂಧ ಇರುವುದಿಲ್ಲ. ಇದು ತಡವಾಗಿ ಅದು ತಪ್ಪಿದರೆ ಎರಡು ಕಂಪನಿಗಳಲ್ಲಿ ಯಾವುದೂ ಹೊಣೆ ಅಲ್ಲ, ಬ್ಯಾಗೂ ತಾನಾಗಿ ಮುಂದಕ್ಕೆ ಹೋಗುವುದಿಲ್ಲ. ಹಿಂದಿನ ದಿನವೇ ಆ ಊರಿಗೆ ಬಂದು ಒಂದು ರಾತ್ರಿ ಉಳಿಯಿರಿ. ವಾಪಸ್ ವಿಮಾನ ಯಾವ ಊರಿನಿಂದ ಅಂತ ನೀವು ಬರೆದಿಲ್ಲ. ಕಾಮೆಂಟ್‌ನಲ್ಲಿ ತಿಳಿಸಿ, ನೋಡಿ ಹೇಳುತ್ತೇನೆ.