ಇಬ್ಬರು ನಡೆದ ದಾರಿಯಲ್ಲಿ ಒಬ್ಬರೇ ಕಾಣುತ್ತಿದ್ದಾರೆ

ಪ್ರಿಯ ಲೇಖಕರೇ,

ನೀವು ಪತ್ನಿಯೊಂದಿಗೆ ಸ್ಲೊವೇನಿಯಾದ ಕಣಿವೆ ಮತ್ತು ಗುಹೆಗಳಲ್ಲಿ ಕೈಗೊಂಡ 8 ದಿನಗಳ ಚಾರಣವನ್ನು ಕುರಿತ 11 ಪುಟಗಳ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಸಾಧ್ಯವಿಲ್ಲ. ಆದರೆ ಒಂಬತ್ತನೆಯ ಪುಟದ ಒಂದು ವಾಕ್ಯ ನನ್ನನ್ನು ಹಿಡಿದು ನಿಲ್ಲಿಸಿದ್ದರಿಂದ, ಬರಿಯ ವಿಷಾದದ ಒಕ್ಕಣೆಯೊಂದಿಗೆ ಇದನ್ನು ಹಿಂದಿರುಗಿಸಲು ಮನಸ್ಸು ಒಪ್ಪಲಿಲ್ಲ.

ಮೊದಲ ಮೂರು ಪುಟಗಳನ್ನು ತೆಗೆದುಬಿಡಿ. ವೀಸಾ, ವಿಮಾನ ಬದಲಾವಣೆ, ಕೊಠಡಿಯ ಕಿಟಕಿ, ಬೆಳಗಿನ ಉಪಾಹಾರ ಇವು ಯಾವ ಪ್ರವಾಸಕ್ಕೂ ಸಲ್ಲುವ ವಿವರಗಳು. ನಿಮ್ಮ ಕಾಲು ದಾರಿಗೆ ತಾಗುವುದು ನಾಲ್ಕನೆಯ ಪುಟದಲ್ಲಿ, ಸೋಚಾ ನದಿಯ ಕಣಿವೆಯಲ್ಲಿ. ಅಲ್ಲಿಯೂ ನೀರು ಆರು ಬಾರಿ ಪಚ್ಚೆಯ ಬಣ್ಣದ್ದಾಗುತ್ತದೆ, ನೋಟ ನಾಲ್ಕು ಬಾರಿ ‘ಅವರ್ಣನೀಯ’ವಾಗುತ್ತದೆ. ಅವರ್ಣನೀಯ ಎಂದು ಬರೆದ ಕ್ಷಣದಲ್ಲಿ ಲೇಖಕ ತನ್ನ ಕೆಲಸವನ್ನು ಓದುಗನ ಹೆಗಲಿಗೆ ದಾಟಿಸಿಬಿಡುತ್ತಾನೆ. ನೀವು ಕುಳಿತು ದಣಿವಾರಿಸಿಕೊಂಡ ‘ಪಾಚಿ ಹಿಡಿದ ಹಳೆಯ ಕಲ್ಲುಗೋಡೆ’ ಯಾವುದೆಂದು ವಿಚಾರಿಸಿದ್ದೀರಾ? ಮೊದಲ ಮಹಾಯುದ್ಧದಲ್ಲಿ, 1915ರಿಂದ 1917ರವರೆಗೆ, ಇಟಲಿ ಮತ್ತು ಆಸ್ಟ್ರಿಯಾ-ಹಂಗೇರಿಯ ಸೇನೆಗಳು ಈ ನದಿಯುದ್ದಕ್ಕೂ ಹನ್ನೆರಡು ಬಾರಿ ಕಾದಾಡಿದವು. ಕಂದಕಗಳ ಅವಶೇಷಗಳು ಇಂದಿಗೂ ಆ ಬೆಟ್ಟಗಳಲ್ಲಿ ಉಳಿದಿವೆ. ನಿಮ್ಮ ಗೋಡೆ ಅವುಗಳಲ್ಲೊಂದು ಹೌದೋ ಅಲ್ಲವೋ ಖಚಿತಪಡಿಸಿಕೊಳ್ಳಿ. ಅಲ್ಲವಾದರೆ ಅದರ ಪ್ರಸ್ತಾಪ ಬೇಡ.

ಇನ್ನು ನಿಜವಾದ ಕೊರತೆಗೆ ಬರುತ್ತೇನೆ. ಶೀರ್ಷಿಕೆಯಲ್ಲಿ ‘ನಾವಿಬ್ಬರು’ ಎಂದಿದೆ. ಆದರೆ ನಿಮ್ಮ ಪತ್ನಿ ನಾಲ್ಕನೆಯ ಪುಟದಲ್ಲಿ ಬೂಟಿನ ಲಾಡಿ ಕಟ್ಟಿಕೊಂಡವರು ಒಂಬತ್ತನೆಯ ಪುಟದವರೆಗೆ ಮತ್ತೆ ಕಾಣಿಸುವುದಿಲ್ಲ. ನಡುವಿನ ಪುಟಗಳಲ್ಲಿ ‘ನಾವು ಬೆರಗಾದೆವು’, ‘ನಾವು ಮೈಮರೆತೆವು’ ಎಂಬ ವಾಕ್ಯಗಳಿವೆ. ಎರಡು ದೇಹಗಳು ಒಂದೇ ವೇಗದಲ್ಲಿ ಏರುವುದಿಲ್ಲ, ಎರಡು ಮನಸ್ಸುಗಳು ಒಂದೇ ಕಲ್ಲಿನ ಮುಂದೆ ಬೆರಗಾಗುವುದೂ ಇಲ್ಲ. ಯಾರು ಮುಂದೆ ನಡೆದರು, ಯಾರು ಕಾದರು, ಕವಲುದಾರಿಯಲ್ಲಿ ಯಾರ ಮಾತು ನಡೆಯಿತು ಎಂಬುದು ತಿಳಿಯದೆ ಹೋದರೆ ಆ ‘ನಾವು’ ಎಂಬ ಪದದೊಳಗೆ ಯಾರೂ ಇರುವುದಿಲ್ಲ.

ಆಮೇಲೆ ನೀವು ಶ್ಕೊತ್ಸ್ಯಾನ್ ಗುಹೆಗಳನ್ನು ಹೊಕ್ಕಿರಿ. ಒಳಗೆ ಛಾಯಾಗ್ರಹಣಕ್ಕೆ ಅನುಮತಿ ಇರಲಿಲ್ಲವೆಂದು ಬೇಸರದಿಂದ ಬರೆದಿದ್ದೀರಿ. ನನಗೆ ಅದು ಈ ಲೇಖನದ ಭಾಗ್ಯವೆಂದೇ ತೋರಿತು, ಏಕೆಂದರೆ ಕ್ಯಾಮೆರಾ ಚೀಲ ಸೇರಿದ ಮೇಲೆಯೇ ನಿಮ್ಮ ವಾಕ್ಯಗಳು ಕಣ್ಣು ತೆರೆದಿವೆ. ಗುಹೆಯೊಳಗೆ ಹರಿಯುವ ರೇಕಾ ನದಿಯ ಮೇಲೆ ಸುಮಾರು 45 ಮೀಟರ್ ಎತ್ತರದಲ್ಲಿರುವ ಸೇತುವೆಯನ್ನು ತಲುಪಿದಾಗ ಹೀಗೆ ಬರೆಯುತ್ತೀರಿ: ‘ಅಷ್ಟು ಹೊತ್ತೂ ನನ್ನ ತೋಳು ಹಿಡಿದಿದ್ದ ಅವಳು ಅಲ್ಲಿ ಕೈ ಬಿಟ್ಟು ಒಬ್ಬಳೇ ಮುಂದೆ ನಡೆದಳು.’ ಇಡೀ ಹಸ್ತಪ್ರತಿಯಲ್ಲಿ ನಾನು ಅಡಿಗೆರೆ ಎಳೆದದ್ದು ಇದೊಂದಕ್ಕೇ. ಮರುವಾಕ್ಯದಲ್ಲೇ ನೀವು ಆಕೆಯನ್ನು ಸೇತುವೆಯ ಮೇಲೆ ಬಿಟ್ಟು, ಈ ತಾಣ 1986ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತೆಂದು ತಿಳಿಸುತ್ತೀರಿ. ಮಾಹಿತಿ ಸರಿಯಾಗಿದೆ, ಆದರೆ ಬಂದ ಜಾಗ ಸರಿಯಿಲ್ಲ.

ಮಾಹಿತಿ ಬೇಡವೆಂದು ನಾನು ಹೇಳುತ್ತಿಲ್ಲ. ನಡೆದ ಕಾಲಿನ ಜೊತೆಗೇ ಅದೂ ಬರಬೇಕು. ಗುಹೆಯಲ್ಲಿ ನೀವು ಸಾಗಿದ ಮೊದಲ ಭಾಗದ ಹೆಸರಿಗೆ ಸ್ಲೊವೇನಿಯನ್ ಭಾಷೆಯಲ್ಲಿ ‘ಮೌನ ಗುಹೆ’ ಎಂದೂ, ನದಿ ಹರಿಯುವ ಭಾಗದ ಹೆಸರಿಗೆ ‘ಮೊರೆಯುವ ಗುಹೆ’ ಎಂದೂ ಅರ್ಥ. ಅಂದರೆ ನೀವಿಬ್ಬರೂ ನೀರನ್ನು ಕಾಣುವ ಮೊದಲು ಕೇಳಿರಬೇಕು. ಆ ಸದ್ದು ಲೇಖನದಲ್ಲಿ ಎಲ್ಲಿಯೂ ಇಲ್ಲ. ಗುಹೆಯಿಂದ ಹೊರಬಿದ್ದು ‘ಸುಂದರ ಕಣಿವೆಯೊಂದಕ್ಕೆ’ ಬಂದೆವೆಂದು ಬರೆದಿದ್ದೀರಿ. ಅದು ಸಾಮಾನ್ಯ ಕಣಿವೆಯಲ್ಲ, ಚಾವಣಿ ಕುಸಿದುಬಿದ್ದ ಗುಹೆ. ಮಣ್ಣಿನಿಂದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸೌಮ್ಯ ಆಮ್ಲವಾದ ಮಳೆನೀರು ಸುಣ್ಣಕಲ್ಲನ್ನು ಕರಗಿಸುತ್ತಾ ಹೋಗಿ, ಕೊನೆಗೊಮ್ಮೆ ಮೇಲಿನ ಬಂಡೆ ತನ್ನ ಭಾರವನ್ನು ತಾನೇ ತಾಳಲಾರದೆ ಇಳಿದ ಜಾಗವದು. ಸ್ಲೊವೇನಿಯನ್ ಭಾಷೆಯಲ್ಲಿ ‘ದೋಲಿನಾ’ ಎಂದರೆ ಕಣಿವೆ. ಸುಣ್ಣಕಲ್ಲಿನ ನಾಡುಗಳಲ್ಲಿ ನೆಲ ಕುಸಿದು ಆಗುವ ಇಂಥ ಗುಳಿಗಳನ್ನು ಭೂವಿಜ್ಞಾನಿಗಳು ಕರೆಯುವುದೂ ಇದೇ ಪದದಿಂದ. ಕಣಿವೆಗೊಂದು, ಗುಹೆಗೊಂದು ಅಧ್ಯಾಯ ಮಾಡಿ ನೀವು ಬೇರ್ಪಡಿಸಿದ್ದನ್ನು ಆ ನೆಲವೇ ಒಂದಾಗಿಸಿದೆ. ಆ ಎರಡು ಅಧ್ಯಾಯಗಳನ್ನು ಒಡೆದು ಸೇರಿಸಿ.

ಒಂದು ತಪ್ಪನ್ನು ತಿದ್ದಲೇಬೇಕು. ರೇಕಾ ನದಿ ‘ಭೂಗರ್ಭದಲ್ಲಿ ಶಾಶ್ವತವಾಗಿ ಲೀನವಾಗುತ್ತದೆ’ ಎಂದಿದ್ದೀರಿ. ಅದು ನೆಲದಡಿ 30 ಕಿಲೋಮೀಟರಿಗೂ ಹೆಚ್ಚು ದೂರ ಕ್ರಮಿಸಿ, ಇಟಲಿಯಲ್ಲಿ ಏಡ್ರಿಯಾಟಿಕ್ ಕಡಲಿನ ಸಮೀಪ ಟಿಮಾವೊ ಎಂಬ ಹೆಸರಿನಲ್ಲಿ ಮತ್ತೆ ಬೆಳಕು ಕಾಣುತ್ತದೆ. ಸತ್ಯವೇ ಇಷ್ಟು ಸೊಗಸಾಗಿರುವಾಗ ಅಲಂಕಾರದ ಅಗತ್ಯವಿರಲಿಲ್ಲ. ಪೊಸ್ತೊಯ್ನಾ ಗುಹೆಯ ರೈಲಿನ ಎರಡು ಪುಟಗಳನ್ನೂ ಕೈಬಿಡಿ. ಅಲ್ಲಿ ನೀವು ಕುಳಿತು ಸಾಗಿದ್ದೀರಿ, ಈ ಲೇಖನ ನಡಿಗೆಯದು.

ಮರುಬರಹವನ್ನು ಸೇತುವೆಯಿಂದ ಆರಂಭಿಸಿ, ಐದು ಪುಟಗಳನ್ನು ಮೀರದಂತೆ ನೋಡಿಕೊಳ್ಳಿ. ಕುಳಿತು ಬರೆಯುವ ಮುನ್ನ ಆ ಕ್ಷಣ ಏಕೆ ಕೈ ಬಿಟ್ಟರೆಂದು ನಿಮ್ಮ ಪತ್ನಿಯನ್ನು ಕೇಳಿ, ಅವರ ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಅವರ ನೆನಪು ನಿಮ್ಮ ನೆನಪಿಗಿಂತ ಬೇರೆಯಾಗಿದ್ದರೆ, ತಿದ್ದಿ ಒಂದಾಗಿಸದೆ ಎರಡನ್ನೂ ಕಳುಹಿಸಿ.

ವಿಶ್ವಾಸದಿಂದ,
ಸಂಪಾದಕ