ಪೀಣ್ಯದ ಸಣ್ಣ ಯೂನಿಟ್‌ಗೆ ಇಂಧನ ಉಳಿಸಲು ಸರ್ಕಾರದ ಸಹಾಯ ಇದೆಯಾ?

ಬಟ್ಟೆ ವಾಷಿಂಗ್ ಯೂನಿಟ್ ಇದೆ, ಬಾಯ್ಲರ್ ಡೀಸೆಲ್ ಖರ್ಚು ತಡೆಯೋಕಾಗ್ತಿಲ್ಲ, ಸರ್ಕಾರದ ಯೋಜನೆಗಳು ನಮ್ಮಂಥವರಿಗೂ ಇವೆಯಾ ಎಂದು ಕೇಳಿದ್ದೀರಿ. ಇವೆ. ನಾನೂ ಪೀಣ್ಯದಲ್ಲೇ ಹದಿನಾರು ವರ್ಷದಿಂದ ಬಾಯ್ಲರ್ ನೋಡಿಕೊಳ್ಳುವವನು.

ಪೇಪರಿನಲ್ಲಿ ಬರುವ 'ಪ್ಯಾಟ್' ಯೋಜನೆ ನಿಮಗಲ್ಲ. 2012ರಲ್ಲಿ ಶುರುವಾದ ಅದರ ಮೊದಲ ಸುತ್ತಿನಲ್ಲಿ ದೇಶದ 478 ದೊಡ್ಡ ಕಾರ್ಖಾನೆಗಳಿಗೆ ಇಂಧನ ಉಳಿತಾಯದ ಗುರಿ ಕೊಟ್ಟಿದ್ದರು. ಗುರಿಗಿಂತ ಜಾಸ್ತಿ ಉಳಿಸಿದವರು ಆ ಉಳಿತಾಯಕ್ಕೆ ಸಿಗುವ ಸರ್ಟಿಫಿಕೇಟ್ ಮಾರಬಹುದಿತ್ತು, ಕಮ್ಮಿ ಬಿದ್ದವರು ಕೊಳ್ಳಬೇಕಿತ್ತು. ಬಟ್ಟೆ ಉದ್ಯಮದಲ್ಲಿ ವರ್ಷಕ್ಕೆ 3,000 ಟನ್ ತೈಲಕ್ಕೆ ಸಮನಾದಷ್ಟು ಇಂಧನ ಸುಡುವವರು ಮಾತ್ರ ಅದಕ್ಕೆ ಸೇರುತ್ತಿದ್ದರು. ನೀವು ಅಷ್ಟು ಸುಡಲ್ಲ ಅಲ್ವಾ?

ನಿಮಗೆ ಬೇಕಾಗಿರುವುದು ಎನರ್ಜಿ ಆಡಿಟ್, ಅಂದರೆ ಇಂಧನ ಎಲ್ಲಿ ಪೋಲಾಗುತ್ತಿದೆ ಅಂತ ತಿಳಿದವರು ಬಂದು ನೋಡಿ ವರದಿ ಕೊಡುವುದು. ಪೆಟ್ರೋಲಿಯಂ ಸಚಿವಾಲಯದ ಕೆಳಗಿರುವ ಇಂಧನ ಉಳಿತಾಯದ ಸಂಸ್ಥೆ ಪಿಸಿಆರ್‌ಎ 1978ರಿಂದ ಇದೇ ಕೆಲಸದಲ್ಲಿದೆ. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆ ಬಿಇಇಯ ಪರೀಕ್ಷೆ ಪಾಸಾದ ಆಡಿಟರ್‌ಗಳೂ ಸಿಗುತ್ತಾರೆ.

ನಮ್ಮಲ್ಲಿಗೆ ಬಂದ ಆಡಿಟರ್ ಬಾಯ್ಲರ್ ಮುಟ್ಟಲೇ ಇಲ್ಲ. ಸೀದಾ ಹಿತ್ತಲಿನ ಮೋರಿ ಹತ್ತಿರ ಹೋಗಿ ನಿಂತರು. ಡಿಸೆಂಬರ್ ಬೆಳಗಿನ ಚಳಿ, ಮೋರಿಯಿಂದ ದಟ್ಟವಾಗಿ ಹಬೆ ಏಳುತ್ತಿತ್ತು. "ಇದೇ ನಿಮ್ಮ ಡೀಸೆಲ್" ಅಂದರು. ಡ್ರೈಯರ್‌ಗಳಿಂದ ಬರುವ ಕಂಡೆನ್ಸೇಟ್, ಅಂದರೆ ಹಬೆ ನೀರಾಗಿ ಬರುವ ಕುದಿ ಬಿಸಿನೀರು, ವರ್ಷಗಟ್ಟಲೆ ಸುಮ್ನೆ ಚರಂಡಿ ಸೇರುತ್ತಿತ್ತು. ದಿನಾ ಅದೇ ಹಬೆ ದಾಟಿ ಓಡಾಡುತ್ತಿದ್ದ ನನಗೆ ಹೊಟ್ಟೆ ಉರಿದುಹೋಯಿತು. ಪೈಪ್ ಎಳೆದು ಆ ನೀರನ್ನು ಬಾಯ್ಲರ್‌ಗೆ ನೀರುಣಿಸುವ ಫೀಡ್ ಟ್ಯಾಂಕಿಗೆ ತಿರುಗಿಸಿದೆವು. 28 ಡಿಗ್ರಿ ಇದ್ದ ಟ್ಯಾಂಕಿನ ನೀರು 64 ಮುಟ್ಟಿತು. ಫೀಡ್ ನೀರು 6 ಡಿಗ್ರಿ ಏರಿದರೆ ಹೆಚ್ಚುಕಮ್ಮಿ ಶೇ 1ರಷ್ಟು ಇಂಧನ ಉಳಿಯುತ್ತದೆ, ನೀವೇ ಲೆಕ್ಕ ಹಾಕಿ. ಪೈಪ್, ಪಂಪು, ಒಂದಿಷ್ಟು ವೆಲ್ಡಿಂಗ್, ಅಷ್ಟೇ ಆಗಿದ್ದು. ಜೊತೆಗೆ ಹಬೆ ತಡೆದು ನೀರನ್ನಷ್ಟೇ ಹೊರಬಿಡುವ ಸ್ಟೀಮ್ ಟ್ರ್ಯಾಪ್‌ಗಳಲ್ಲಿ ಕೆಟ್ಟವನ್ನೂ ಬದಲಾಯಿಸಿದೆವು.

ಹೊಸ ಮಷಿನ್ನೇ ಬೇಕೆಂದು ವರದಿ ಹೇಳಿದರೆ ಬಿಇಇಯ 'ಅಡೀಟಿ' ಯೋಜನೆ ವಿಚಾರಿಸಿ. 2025ರಲ್ಲಿ ಬಂದದ್ದು. ಸಣ್ಣ ಘಟಕಗಳಿಗೆ ಸಾಲದ ಬಡ್ಡಿಯಲ್ಲಿ ಶೇ 5, ಮಧ್ಯಮ ಘಟಕಗಳಿಗೆ ಶೇ 3 ರಿಯಾಯಿತಿ. ನಿಮ್ಮ ಉದ್ಯಮ ಅದರ ಪಟ್ಟಿಯಲ್ಲಿದೆಯಾ ಅಂತ ಮೊದಲೇ ಕೇಳಿಕೊಳ್ಳಿ.

ಇಂಥ ಯೋಜನೆಗಳ ಸುದ್ದಿ ಶೆಡ್ ಬಾಗಿಲವರೆಗೆ ಬರುವುದೇ ಇಲ್ಲ ಎನ್ನುವುದು ನನಗೆ ನಿಜವಾಗಿಯೂ ಬೇಸರದ ವಿಷಯ. ಇಂಧನ ಸಂರಕ್ಷಣಾ ಕಾಯ್ದೆ 2001ರಲ್ಲೇ ಬಂದಿದೆ, ನಮ್ಮ ಸಾಲಿನ ಎಷ್ಟೋ ಮಾಲೀಕರಿಗೆ ಆಡಿಟ್ ಅಂದರೆ ಇನ್ನೂ ತೆರಿಗೆಯವರೇ.

ಆಡಿಟರ್ ಕರೆಸುವ ಮೊದಲು ಮೂರು ತಿಂಗಳು ಒಂದು ನೋಟ್‌ಬುಕ್ ಇಡಿ. ದಿನದ ಡೀಸೆಲ್ ಲೀಟರ್, ಒಗೆದ ಬಟ್ಟೆಯ ಕೆಜಿ, ಫೀಡ್ ಟ್ಯಾಂಕಿನ ಬಿಸಿ. ನಾಳೆ ಬೆಳಿಗ್ಗೆ ಹೋದ ಕೂಡಲೇ ಮೋರಿ ಕಡೆ ಒಮ್ಮೆ ನೋಡಿ.